ಇದ್ ಅವ್ರ್ ಬರದ್ದಲ್ಲ

ಅಮ್ಮನ ಕಣ್ಣಿನ ಪೊರೆ ತೆಗೆಸಿ ಒಂದು ತಿಂಗಳಾಗಿತ್ತು. ಇನ್ನು ಓದಬಹುದು ಅಂತ ಡಾಕ್ಟ್ರು ಹೇಳಿದ ವಾರವೇ ನಾನು ಬೆಂಗಳೂರಿನಿಂದ ಸಾಸ್ತಾನದ ಬಸ್ ಹತ್ತಿದೆ. ಬ್ಯಾಗಿನಲ್ಲಿ ಒಂದು ಹೊಸ ಕಾದಂಬರಿ ಇತ್ತು. ಬರೆದವರ ಹೆಸರು ಇಲ್ಲಿ ಬೇಡ. ಅಮ್ಮ ಮೂವತ್ತು ವರ್ಷಗಳಿಂದ ಓದಿಕೊಂಡು ಬಂದ ಪ್ರೇಮ ಕಾದಂಬರಿಕಾರರು ಅಂದರೆ ಸಾಕು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅವರ ಹೆಸರನ್ನು ನಮ್ಮ ನೆಂಟರ ಹೆಸರು ಅಂತಲೇ ತಿಳಿದಿದ್ದೆ, ಮನೆಯಲ್ಲಿ ಅಷ್ಟು ಸಲ ಕೇಳಿಬರುತ್ತಿತ್ತು.

ಅಮ್ಮ ಮಧ್ಯಾಹ್ನ ಊಟ ಮುಗಿಸಿ, ಜಗಲಿಯಲ್ಲಿ ಕೂತು ಶುರು ಮಾಡಿದರು. ಸಂಜೆ ಚಾ ಹೊತ್ತಿಗೆ ಪುಸ್ತಕ ಮಗುಚಿ ಬಿದ್ದಿತ್ತು.

"ಇದ್ ಅವ್ರ್ ಬರದ್ದಲ್ಲ ಮಗಾ. ಯಾರೋ ಅವ್ರ್ ಹೆಸ್ರ್ ಹಾಕಿ ಬರದ್ದ್."

ಅವರೇ ಬರೆದಿದ್ದು ಅಂತ ಹಿಂದಿನ ರಕ್ಷಾಪುಟದ ಫೋಟೋ ತೋರಿಸಿದೆ. ಅಮ್ಮ ಫೋಟೋ ನೋಡಿ ಸುಮ್ಮನಾದರು. ಆಮೇಲೆ ಒಂದೊಂದಾಗಿ ಹೇಳತೊಡಗಿದರು. ನಾಯಕನ ತಂಗಿ ಮೂರನೇ ಅಧ್ಯಾಯದಲ್ಲಿ ಸುನೀತಾ, ಏಳನೆಯದರಲ್ಲಿ ಸುಮಿತ್ರಾ. ನಾಯಕ ಹೊರಟದ್ದು ರೈಲಿನಲ್ಲಿ, ಇಳಿದದ್ದು ಬಸ್ಸಿನಿಂದ. ನಾಯಕಿ ಯಾಕೆ ಅಳುತ್ತಾಳೆ ಅಂತ ನಾಯಕಿಗೇ ಗೊತ್ತಿಲ್ಲ. "ಇಡೀ ಪುಸ್ತಕ ಮಳಿ. ಯಾರತ್ರೂ ಒಂದ್ ಕೊಡಿ ಇಲ್ಲೆ!" ವರ್ಷಕ್ಕೆ ನಾಲ್ಕು ತಿಂಗಳು ಮಳೆಯಲ್ಲೇ ಬದುಕುವ ಕರಾವಳಿಯ ಹೆಂಗಸು ಹೇಳಿದ ಈ ಮಾತಿಗಿಂತ ಒಳ್ಳೆಯ ವಿಮರ್ಶೆಯನ್ನು ನಾನಂತೂ ಇತ್ತೀಚೆಗೆ ಓದಿಲ್ಲ.

ನಗು ಬಂತು ನಿಜ. ಆದರೆ ಅಮ್ಮನ ಮುಖ ನೋಡಿದರೆ ನಗುವ ಹಾಗಿರಲಿಲ್ಲ. ಆಪರೇಷನ್ ಆದಮೇಲೆ ಕೈಗೆತ್ತಿಕೊಂಡ ಮೊದಲ ಪುಸ್ತಕ ಅದು.

ವಾಪಸ್ ಬೆಂಗಳೂರಿಗೆ ಬಂದ ಮೇಲೂ ಆ ಮುಖ ತಲೆಯಿಂದ ಹೋಗಲಿಲ್ಲ. ಕನ್ನಡ ಕಾದಂಬರಿಯ ಚರಿತ್ರೆ ಅಂತ ನಾವು ಓದುವುದೆಲ್ಲ ಬರೆದವರದ್ದು, ಇಲ್ಲಾ ವಿಮರ್ಶಕರದ್ದು. ಕಾಸು ಕೊಟ್ಟು, ನಿದ್ದೆಗೆಟ್ಟು ಓದಿ, ಕೊನೆಗೆ 'ಥೋ' ಅಂದವರ ಚರಿತ್ರೆ ಎಲ್ಲಿದೆ? ನಾನು ಸಾಹಿತ್ಯದ ವಿದ್ಯಾರ್ಥಿ ಅಲ್ಲ, ಬಿಇ ಮಾಡಿ ಕೋಡ್ ಬರೆಯುವವನು. ಆದರೂ ಗೊತ್ತಿರುವಷ್ಟನ್ನು ಜೋಡಿಸಿ ನೋಡೋಣ ಅನ್ನಿಸಿತು.

ನಮ್ಮ ಕರಾವಳಿಯಿಂದಲೇ ಶುರು ಮಾಡಬಹುದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೇಳುವ 'ಇಂದಿರಾಬಾಯಿ' ಅಚ್ಚಾದದ್ದು 1899ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಬರೆದವರು ಗುಲ್ವಾಡಿ ವೆಂಕಟರಾಯರು, ಪೊಲೀಸ್ ಇಲಾಖೆಯಲ್ಲಿದ್ದವರು. ಬಾಲವಿಧವೆಯೊಬ್ಬಳು ಓದಿ, ಮರುಮದುವೆಯಾಗುವ ಕಥೆ. ಅದಕ್ಕೂ ಮೊದಲೇ ಆ ಕಡೆ ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದು ಕನ್ನಡದವರಿಗೆ ಪ್ರೇಮ, ವಿರಹ, ಕುದುರೆ, ಕೋಟೆ ಎಲ್ಲದರ ರುಚಿ ಹತ್ತಿಸಿದ್ದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಪುಸ್ತಕ ಹೊತ್ತು ಮಾರುವವನಿಗೆ ಒಂದು ಅನುಕೂಲ ಇದೆ. ಹೋದ ವರ್ಷ ಕೊಂಡವನು ಈ ವರ್ಷ ಎದುರಿಗೆ ನಿಂತು "ಏನ್ರೀ ಇದು" ಅಂತ ಕೇಳಿಯೇ ಕೇಳುತ್ತಾನೆ. ಓದುಗ ಮತ್ತು ಬರಹಗಾರ ಅಷ್ಟು ಹತ್ತಿರ ನಿಂತದ್ದು ಆಮೇಲೆ ಕಡಿಮೆ.

ಈಗ ಮುಖ್ಯ ಪಾತ್ರಕ್ಕೆ ಬರುತ್ತೇನೆ. ಅನಕೃ.

ಅ.ನ. ಕೃಷ್ಣರಾಯರು ಹುಟ್ಟಿದ್ದು 1908ರಲ್ಲಿ. (ಲಂಡನ್ನಿನಲ್ಲಿ ಮಿಲ್ಸ್ ಅಂಡ್ ಬೂನ್ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಕಾಕತಾಳೀಯ ಅಷ್ಟೇ, ಆದರೂ ಹೇಳದೆ ಇರಲಾಗಲಿಲ್ಲ.) ಮೊದಲ ಕಾದಂಬರಿ 'ಜೀವನಯಾತ್ರೆ' 1934ರಲ್ಲಿ, ಮರುವರ್ಷವೇ 'ಸಂಧ್ಯಾರಾಗ'. ಸಂಗೀತಗಾರನೊಬ್ಬನ ಬದುಕಿನ ಆ ಕಥೆ ಮುಂದೆ ರಾಜ್‌ಕುಮಾರ್ ಸಿನಿಮಾ ಆಯಿತು. 1971ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಕಾದಂಬರಿಗಳು ನೂರು ದಾಟಿದ್ದವು. ಲೆಕ್ಕ ಹಾಕಿ: 37 ವರ್ಷದಲ್ಲಿ ನೂರಕ್ಕೂ ಹೆಚ್ಚು, ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಮೂರು. ಅದರ ಜೊತೆ ನಾಟಕ, ಪ್ರಬಂಧ, ಭಾಷಣ, ಕನ್ನಡ ಚಳವಳಿ. ಮೇಷ್ಟರ ಕೆಲಸವಿಲ್ಲ, ಸರ್ಕಾರಿ ಸಂಬಳವಿಲ್ಲ. ಪೆನ್ನು ನಿಂತರೆ ಒಲೆ ಆರುವ ಬದುಕು. ಜನ ಅವರನ್ನು 'ಕಾದಂಬರಿ ಸಾರ್ವಭೌಮ' ಎಂದರು, ಆದರೆ ಬಿರುದಿನಿಂದ ಮನೆಬಾಡಿಗೆ ಕಟ್ಟಲಿಕ್ಕೆ ಬರುವುದಿಲ್ಲವಲ್ಲ.

ಅವರ ಓದುಗರಿಗೆ ದೊಡ್ಡ ಆಘಾತ ಆದದ್ದು 1950ರ ದಶಕದ ಆರಂಭದ ಹೊತ್ತಿಗೆ ಬಂದ ಮೂರು ಕಾದಂಬರಿಗಳಿಂದ. 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು'. ವೇಶ್ಯಾಜೀವನದ ಬಗ್ಗೆ ಬರೆದವು. ಅಶ್ಲೀಲ ಎಂದು ಗುಲ್ಲೆದ್ದಿತು. ಮನೆಮಂದಿಯೆಲ್ಲ ಓದುವ ಲೇಖಕ ಹೀಗೆ ಬರೆಯಬಹುದೇ ಎಂದು ಅಭಿಮಾನಿಗಳೇ ಕೇಳಿದರು. ಅನಕೃ ಬಿಡಲಿಲ್ಲ, 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಇಡೀ ಪುಸ್ತಕವನ್ನೇ ಉತ್ತರವಾಗಿ ಬರೆದರು. ಓದುಗರಿಗೆ ಬೇಜಾರಾಯಿತು ಅಂತ ಲೇಖಕ ಪುಸ್ತಕವೇ ಬರೆದು ಜವಾಬು ಕೊಡುವುದನ್ನು ಇವತ್ತು ಊಹಿಸಿಕೊಳ್ಳಿ!

ಆದರೂ 1960ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮಣಿಪಾಲದಲ್ಲಿ ನಡೆದಾಗ ಅಧ್ಯಕ್ಷರು ಅವರೇ. ನಮ್ಮೂರಿನಿಂದ ಇಪ್ಪತ್ತೈದು ಕಿಲೋಮೀಟರು ಆಸುಪಾಸು. ನಮ್ಮ ಮನೆ ಹತ್ತಿರದ ನಿವೃತ್ತ ಮಾಷ್ಟ್ರೊಬ್ಬರು ಆಗ ಹದಿನೆಂಟರ ಹುಡುಗ, ನೋಡಲಿಕ್ಕೆ ಹೋಗಿದ್ದರಂತೆ. ಭಾಷಣದ ಒಂದು ಮಾತೂ ಈಗ ನೆನಪಿಲ್ಲ, "ಜನ ಕಂಡ್ರೆ ಜಾತ್ರೆ ಕಣೆಗಿತ್" ಅನ್ನುತ್ತಾರೆ. ಇನ್ನೊಂದು ನೆನಪಿದೆ. 'ನಗ್ನಸತ್ಯ'ವನ್ನು ಅವರಪ್ಪಯ್ಯ ಮನೆಯೊಳಗೆ ಸೇರಿಸಿರಲಿಲ್ಲ. ಪೇಪರಿನಲ್ಲಿ ಸುತ್ತಿಕೊಂಡು ತಂದು ಕೊಟ್ಟಿಗೆಯ ಅಟ್ಟದಲ್ಲಿಟ್ಟು ಓದಿದರಂತೆ. "ಎಂತ ಇತ್ ಮಾಷ್ಟ್ರೇ ಅದ್ರಲ್ಲಿ?" ಕೇಳಿದೆ. "ಎಂತದೂ ಇಲ್ಲೆ ಮರಾಯಾ. ಬರೀ ಭಾಷಣ!"

ಮಾಷ್ಟ್ರ ಈ ಬೇಜಾರು ಬೇರೆ ಜಾತಿಯದ್ದು ಅನ್ನುವುದನ್ನು ಗಮನಿಸಿ. ಅಪ್ಪಯ್ಯನಿಗೆ ಪುಸ್ತಕ ಕೆಟ್ಟದ್ದು, ಯಾಕೆಂದರೆ ಅದು ನೀತಿಗೆಟ್ಟದ್ದು. ಮಗನಿಗೆ ಪುಸ್ತಕ ಕೆಟ್ಟದ್ದು, ಯಾಕೆಂದರೆ ಪಾತ್ರಗಳು ಮಾತಾಡುವ ಬದಲು ಲೇಖಕರೇ ಮಾತಾಡುತ್ತಾರೆ. ಒಂದೇ ಮನೆಯಲ್ಲಿ, ಒಂದೇ ಪುಸ್ತಕಕ್ಕೆ, ಎರಡು ನಿರಾಸೆ. ನಮ್ಮಲ್ಲಿ ಮೊದಲನೆಯದರ ಬಗ್ಗೆ ಗಲಾಟೆ, ಚರ್ಚೆ, ದಾಖಲೆ ಎಲ್ಲ ಇದೆ. ಎರಡನೆಯದನ್ನು ಕೇಳಿದವರು ಕಡಿಮೆ.

ಕೇಳಬೇಕಾಗಿದ್ದವರು ಯಾರು? ನವ್ಯರು. ಅವರಲ್ಲಿ ದೊಡ್ಡವರು ಗೋಪಾಲಕೃಷ್ಣ ಅಡಿಗರು ನಮ್ಮವರೇ, ಬೈಂದೂರು ಕಡೆಯ ಮೊಗೇರಿಯವರು. ಅವರ ಪೀಳಿಗೆ ಪ್ರಗತಿಶೀಲರ ಬರವಣಿಗೆಯನ್ನು ಘೋಷಣೆ, ವಾಚಾಳಿತನ ಎಂದು ಬದಿಗೆ ಸರಿಸಿತು. ಬಹಳ ಮಟ್ಟಿಗೆ ಸರಿಯೇ. (ಅಡಿಗರೂ ಎರಡು ಕಾದಂಬರಿ ಬರೆದಿದ್ದಾರೆ, 'ಆಕಾಶದೀಪ' ಮತ್ತು 'ಅನಾಥೆ'. ಅವರ ಕವಿತೆ ಬಾಯಿಪಾಠ ಇರುವ ನನ್ನ ಗೆಳೆಯರಲ್ಲಿ ಒಬ್ಬರೂ ಅವನ್ನು ಓದಿದವರಿಲ್ಲ. ನಾನೂ ಓದಿಲ್ಲ, ಸುಳ್ಳು ಯಾಕೆ.) ಆದರೆ ಬದಿಗೆ ಸರಿಸುವಾಗ ಅವರೊಂದು ಕೆಲಸ ಮಾಡಿದರು: ಜನಪ್ರಿಯ ಕಾದಂಬರಿ ಅನ್ನುವ ಇಡೀ ಗೋಣಿಯನ್ನು ಬಾಯಿ ಕಟ್ಟಿ ಮೂಲೆಗಿಟ್ಟರು. ಒಳಗಿರುವುದರಲ್ಲಿ ಯಾವುದು ಕಾಳು, ಯಾವುದು ಜೊಳ್ಳು ಅಂತ ಗೇರಲಿಲ್ಲ.

ಹೆಂಗಸರ ಕಾದಂಬರಿಗಳಿಗಂತೂ 'ಅಡಿಗೆಮನೆ ಸಾಹಿತ್ಯ' ಎಂಬ ಹೆಸರೇ ಬಿತ್ತು. ಇದು ನಮ್ಮವರದ್ದೇ ಚಾಳಿಯಲ್ಲ. 1856ರಲ್ಲೇ ಇಂಗ್ಲೆಂಡಿನ ಜಾರ್ಜ್ ಎಲಿಯಟ್, ಸ್ವತಃ ಹೆಂಗಸು, ಆಗಿನ್ನೂ ಕಾದಂಬರಿ ಪ್ರಕಟಿಸಿರಲಿಲ್ಲ, ಲೇಖಕಿಯರ ಪೆದ್ದು ಕಾದಂಬರಿಗಳನ್ನು ಗೇಲಿ ಮಾಡಿ ಉದ್ದನೆಯ ಲೇಖನ ಬರೆದಿದ್ದಳು. ವ್ಯತ್ಯಾಸ ಏನೆಂದರೆ, ಅವಳು ಆ ಕಾದಂಬರಿಗಳನ್ನು ಓದಿ ಬೈದಿದ್ದಳು. ಯಾವುದು ಯಾಕೆ ಪೆದ್ದು ಅಂತ ಬಿಡಿಸಿ ಹೇಳಿದ್ದಳು. ಓದದೆ ಬೈಯುವುದರಿಂದ ಬರೆಯುವವರಿಗೂ ಉಪಯೋಗವಿಲ್ಲ, ಓದುವವರಿಗೂ ಇಲ್ಲ.

ತ್ರಿವೇಣಿಯವರನ್ನೇ ತೆಗೆದುಕೊಳ್ಳಿ. ಮನಃಶಾಸ್ತ್ರ ಓದಿದವರು. 1928ರಲ್ಲಿ ಹುಟ್ಟಿ 1963ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, ತೀರಿಕೊಂಡರು. ಅಷ್ಟರಲ್ಲಿ 'ಬೆಕ್ಕಿನ ಕಣ್ಣು', 'ಬೆಳ್ಳಿಮೋಡ', 'ಶರಪಂಜರ' ಸೇರಿ ಇಪ್ಪತ್ತರಷ್ಟು ಕಾದಂಬರಿ. 'ಶರಪಂಜರ'ದ ಕಾವೇರಿ ಹುಚ್ಚಾಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದರೂ ಮನೆ, ಗಂಡ, ನೆರೆಹೊರೆ ಅವಳನ್ನು ವಾಸಿಯಾಗಲು ಬಿಡುವುದಿಲ್ಲ. 1971ರಲ್ಲಿ ಪುಟ್ಟಣ್ಣ ಅದನ್ನು ಸಿನಿಮಾ ಮಾಡಿದ ಮೇಲೆ ಇಡೀ ಕರ್ನಾಟಕಕ್ಕೆ ಗೊತ್ತಾಯಿತು. ಆದರೆ ಬಾಡಿಗೆ ಲೈಬ್ರರಿಯ ಕಪಾಟಿನಲ್ಲಿ 'ಶರಪಂಜರ' ಮತ್ತು ಅದನ್ನು ನೋಡಿ ಅವಸರದಲ್ಲಿ ಗೀಚಿದ ಹತ್ತು ನಕಲು ಒಂದೇ ಸಾಲಿನಲ್ಲಿ, ಒಂದೇ ಬಾಡಿಗೆಗೆ ಇರುತ್ತಿದ್ದವು. ಯಾವುದು ಯಾವುದು ಅಂತ ಹೇಳುವವರು ಯಾರೂ ಇರಲಿಲ್ಲ. ಅಮ್ಮನಂಥವರು ಓದಿಯೇ ಕಂಡುಕೊಳ್ಳಬೇಕಿತ್ತು.

ಅಮ್ಮ ಬೀಡಿ ಕಟ್ಟುತ್ತಿದ್ದವರು. ಅಪ್ಪಯ್ಯ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬರುವುದು, ಕೆಲವು ವರ್ಷ ಅದೂ ಇಲ್ಲ. ವಾರದ ಬೀಡಿಯನ್ನು ಬ್ರಾಂಚಿಗೆ ಕೊಟ್ಟು ಬರುವ ದಾರಿಯಲ್ಲಿ ಲೈಬ್ರರಿ. ಹಳೆಯದು ಕೊಟ್ಟು ಹೊಸದು ತರುವುದು. ಮನೆಯಲ್ಲಿ ಅಜ್ಜಿಯ ಕಣ್ಣು ತಪ್ಪಿಸಿ ಗೆರ್ಸಿಯಲ್ಲಿ ಬೀಡಿ ಎಲೆಯ ಅಡಿಗೆ ಪುಸ್ತಕ. ನಮ್ಮ ಮನೆಯ ಕಾದಂಬರಿಗಳಿಗೆಲ್ಲ ಹೊಗೆಸೊಪ್ಪಿನ ವಾಸನೆ. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಯಾರೋ ಬೀಡಿ ಹಚ್ಚಿದರೆ ನನಗೆ ತಕ್ಷಣ ತ್ರಿವೇಣಿ ನೆನಪಾಗುತ್ತಿತ್ತು, ಹೇಳಿದರೆ ನಂಬುತ್ತಿರಲಿಲ್ಲ.

ಈ ಬಾಡಿಗೆ ಲೈಬ್ರರಿಯ ಲೆಕ್ಕಾಚಾರ ಸ್ವಲ್ಪ ನೋಡಬೇಕು, ಕಾದಂಬರಿ ಹಾಳಾಗುವ ಗುಟ್ಟು ಅಲ್ಲೇ ಇದೆ ಅಂತ ನನ್ನ ಅನಿಸಿಕೆ. ಓದುಗಳು ಪುಸ್ತಕ ಕೊಳ್ಳುವುದಿಲ್ಲ, ಎರಡು ದಿನಕ್ಕೆ ಬಾಡಿಗೆ ತರುತ್ತಾಳೆ. ಕೊಳ್ಳುವವನು ಲೈಬ್ರರಿಯವನು. ಅವನಿಗೆ ಬೇಕಾದ್ದು 'ಒಳ್ಳೆಯ' ಪುಸ್ತಕ ಅಲ್ಲ, 'ಹೊಸ' ಪುಸ್ತಕ. ವಾರಕ್ಕೆ ಮೂರು ಓದುವ ಗಿರಾಕಿಗೆ ವಾರಕ್ಕೆ ಮೂರು ಹೊಸದು ಬೇಕು. ಹಾಗಾಗಿ ಪ್ರಕಾಶಕರು ಹೆಸರಿದ್ದ ಲೇಖಕರ ಬೆನ್ನು ಬೀಳುತ್ತಾರೆ. ಲೇಖಕರಿಗೆ ಸಿಗುವುದು ಬಹುಮಟ್ಟಿಗೆ ಒಂದು ಸಲದ ದುಡ್ಡು. ಒಂದನ್ನು ಎರಡು ವರ್ಷ ತಿದ್ದಿದರೂ ಅಷ್ಟೇ, ಎರಡು ತಿಂಗಳಲ್ಲಿ ಮುಗಿಸಿದರೂ ಅಷ್ಟೇ. ಇನ್ನು ಓದುಗಳಿಗೆ ನಿರಾಸೆಯಾದರೆ? ಅವಳು ಕಳೆದುಕೊಂಡದ್ದು ಒಂದೆರಡು ರೂಪಾಯಿ, ಎರಡು ಮಧ್ಯಾಹ್ನ. ಅದು ಯಾರ ಖಾತೆಯಲ್ಲೂ ನಷ್ಟ ಅಂತ ಬೀಳುವುದಿಲ್ಲ. ಲೇಖಕರ ಕಿವಿಗೆ ತಲುಪುವುದಂತೂ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಗ್ ರಿಪೋರ್ಟ್ ಮಾಡಲಿಕ್ಕೆ ಜಾಗವೇ ಇಲ್ಲದ ಸಾಫ್ಟ್‌ವೇರ್.

ಮಿಲ್ಸ್ ಅಂಡ್ ಬೂನ್ ಕೂಡ ಹೀಗೇ ಬೆಳೆದದ್ದು. ಎಲ್ಲ ಬಗೆಯ ಪುಸ್ತಕ ಹಾಕುತ್ತಿದ್ದ ಕಂಪನಿ 1930ರ ದಶಕದಲ್ಲಿ ಅಲ್ಲಿನ ಬಾಡಿಗೆ ಲೈಬ್ರರಿಗಳಲ್ಲಿ ಪ್ರೇಮಕಥೆಗೆ ಇರುವ ಬೇಡಿಕೆ ನೋಡಿ ಅದನ್ನೇ ಹಿಡಿಯಿತು. ಅವರು ಅಷ್ಟಿಷ್ಟು ಅಚ್ಚುಕಟ್ಟಾಗಿ ಮಾಡಿದರು. ಕಥೆ ಅದೇ ಆದರೂ ತಂಗಿಯ ಹೆಸರು ಮಧ್ಯದಲ್ಲಿ ಬದಲಾಗದ ಹಾಗೆ ನೋಡಿಕೊಳ್ಳುವ ಸಂಪಾದಕರು ಇದ್ದರು. ನಮ್ಮಲ್ಲಿ ಆ ಕುರ್ಚಿ ಬಹುತೇಕ ಖಾಲಿ.

ಖಾಲಿ ಇರದ ಒಂದು ಜಾಗ ಇತ್ತು, ವಾರಪತ್ರಿಕೆ. 1965ರಲ್ಲಿ ಸುಧಾ ಬಂತು, 1983ರಲ್ಲಿ ನಮ್ಮ ಮಣಿಪಾಲದಿಂದ ತರಂಗ. ಧಾರಾವಾಹಿ ಅಂದರೆ ವಾರ ವಾರ ಸಂಪಾದಕರ ಕಣ್ಣು ಬೀಳುತ್ತದೆ, ಮೇಲಿಂದ ಓದುಗರ ಓಲೆ ವಿಭಾಗ. ಕಥೆ ಹಳಿ ತಪ್ಪಿದರೆ ಅಂಕೋಲದಿಂದಲೋ ಅರಸೀಕೆರೆಯಿಂದಲೋ ಒಂದು ಕಾರ್ಡು ಬಂದೇ ಬರುತ್ತಿತ್ತು. ಅಮ್ಮ ಧಾರಾವಾಹಿಯ ಹಾಳೆಗಳನ್ನು ಬಿಡಿಸಿ ಜೋಡಿಸಿ, ದಬ್ಬಣದಲ್ಲಿ ತೂತು ಮಾಡಿ ಹೊಲಿದು ಇಟ್ಟಿದ್ದಾರೆ. ಹಾಗೆ ಹೊಲಿಸಿಕೊಳ್ಳುವ ಯೋಗ್ಯತೆ ಎಲ್ಲದಕ್ಕೂ ಇರಲಿಲ್ಲ. ಕೆಲವು ಪತ್ರಿಕೆ ಸೀದಾ ಮೀನಿನ ಪೊಟ್ಟಣಕ್ಕೆ. ನಾನು ಬಿಇ ಮಾಡುವ ಕಾಲಕ್ಕೆ ಟಿವಿ ಧಾರಾವಾಹಿಗಳು ಬಂದು ಲೈಬ್ರರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನಮ್ಮ ಲೈಬ್ರರಿ ಇದ್ದ ಕೋಣೆಯಲ್ಲಿ ಮೊದಲು ಎಸ್‌ಟಿಡಿ ಬೂತ್, ಆಮೇಲೆ ಮೊಬೈಲ್ ರೀಚಾರ್ಜ್. ಈಗ ಅಲ್ಲಿ ಏನಿದೆ ಅಂತ ಗಮನಿಸಿಲ್ಲ.

ನಡುವೆ ಕಾರಂತರ ವಿಷಯ ಬಂದೇ ಬರುತ್ತದೆ. ಸಾಸ್ತಾನದವನು ಅಂದರೆ ಸಾಕು, ಬೆಂಗಳೂರಿನಲ್ಲಿ "ಓ, ಕಾರಂತರ ಊರಿನ ಕಡೆಯವರು" ಅನ್ನುತ್ತಾರೆ. ಕೋಟ ನಮಗೆ ಪಕ್ಕದ ಊರು, 'ಮರಳಿ ಮಣ್ಣಿಗೆ'ಯ ಕೋಡಿ ನಮ್ಮ ಪಡುದಿಕ್ಕಿಗೆ. ಅವಸರದಿಂದಲೇ ಕಾದಂಬರಿ ಕೆಡುತ್ತದೆ ಅಂತ ನಾನು ವಾದ ಮಾಡಿದರೆ ಕಾರಂತರು ಅದನ್ನು ಒಂದೇ ಏಟಿಗೆ ಮುರಿದು ಹಾಕುತ್ತಾರೆ. 'ಚೋಮನ ದುಡಿ' ಕೆಲವೇ ದಿನಗಳಲ್ಲಿ ಬರೆದು ಮುಗಿಸಿದ್ದು. ಅವರೂ ಸಂಬಳದ ನೌಕರಿ ಹಿಡಿದು ಕೂತವರಲ್ಲ. ಅವರೂ ಶುರು ಮಾಡಿದ್ದು ಪತ್ರಿಕೆಯ ಪುಟ ತುಂಬಿಸಲು, ಇಪ್ಪತ್ತರ ಹರೆಯದಲ್ಲಿ ಕುಂದಾಪುರದಿಂದ ನಡೆಸುತ್ತಿದ್ದ 'ವಸಂತ'ಕ್ಕೆ ಬರೆದ 'ವಿಚಿತ್ರಕೂಟ' ಪತ್ತೇದಾರಿ ಧಾಟಿಯದು. ಹಾಗಾದರೆ ವ್ಯತ್ಯಾಸ ಎಲ್ಲಿ? ಬೇಗ ಬರೆಯುವುದು ಬೇರೆ, ಬರೆದದ್ದನ್ನೇ ಮತ್ತೆ ಬರೆಯುವುದು ಬೇರೆ. ಕಾರಂತರು ಒಂದರಿಂದ ಇನ್ನೊಂದಕ್ಕೆ ಬೇರೆ ಊರು, ಬೇರೆ ಕಸುಬು, ಬೇರೆ ಜನ ಹುಡುಕಿಕೊಂಡು ಹೋದರು. 'ಮರಳಿ ಮಣ್ಣಿಗೆ' ಹೇಗಿತ್ತು ಅಂತ ಅಮ್ಮನನ್ನು ಒಮ್ಮೆ ಕೇಳಿದ್ದೆ. "ಅದ್ ಕಾದಂಬ್ರಿ ಅಲ್ದಾ ಮಗಾ, ನಮ್ಮನಿ ಕಥಿ." ಹೊಗಳಿದ್ದೋ ಬೈದದ್ದೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಮನೆಯ ಕಥೆ ಮನೆಯಲ್ಲೇ ಇರುವಾಗ ಅಮ್ಮನಿಗೆ ಪುಸ್ತಕದಲ್ಲಿ ಬೇಕಾಗಿದ್ದದ್ದು ಬೇರೆ ಏನೋ.

ಕಳೆದ ಸಲ ಊರಿಗೆ ಹೋದಾಗ ಅಟ್ಟ ಸ್ವಚ್ಛ ಮಾಡುವಾಗ ಲೈಬ್ರರಿಯ ಮೊಹರಿದ್ದ ಒಂದು ಕಾದಂಬರಿ ಸಿಕ್ಕಿತು. ವಾಪಸ್ ಕೊಡುವ ಮೊದಲೇ ಲೈಬ್ರರಿ ಮುಚ್ಚಿತ್ತಂತೆ. ನೀವು ಹಳೆಯ ಬಾಡಿಗೆ ಪುಸ್ತಕ ನೋಡಿದ್ದರೆ ಗೊತ್ತಿರುತ್ತದೆ, ಅಂಚಿನಲ್ಲಿ ಯಾರ್ಯಾರದೋ ಪೆನ್ಸಿಲ್ ಬರಹ. ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮರು ಕೊನೆ ಏನಾಗುತ್ತದೆ ಅಂತ ಬರೆದಿಟ್ಟಿದ್ದರು. 62ನೇ ಪುಟದಲ್ಲಿ ಇನ್ಯಾರೋ "ಇದೇ ಕಥೆ ಹಿಂದಿನದರಲ್ಲೂ ಇತ್ತು". ಅದರ ಕೆಳಗೆ ಬೇರೆ ಕೈಯಲ್ಲಿ "ಹೌದು". ಒಬ್ಬರನ್ನೊಬ್ಬರು ಯಾವತ್ತೂ ನೋಡದ ಹೆಂಗಸರು ಒಂದೇ ಪುಸ್ತಕದ ಅಂಚಿನಲ್ಲಿ ಮಾತಾಡಿಕೊಂಡಿದ್ದರು. ನಾನು ಹುಡುಕುತ್ತಿದ್ದ ಚರಿತ್ರೆ ಅಲ್ಲಿತ್ತು. ಲೈಬ್ರರಿಗಳು ಮುಚ್ಚಿದಾಗ ಅದರಲ್ಲಿ ಹೆಚ್ಚಿನದು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗಿದೆ.

ಕೊನೆಯ ಹತ್ತಿರ, ಐದು ವರ್ಷ ಬಿಟ್ಟು ಹೋಗಿದ್ದ ಗಂಡ ಬಾಗಿಲಲ್ಲಿ ಬಂದು ನಿಂತಾಗ ನಾಯಕಿ ಅವನ ಕಾಲಿಗೆ ಬೀಳುವ ಪುಟದಲ್ಲಿ, ನನಗೆ ಚೆನ್ನಾಗಿ ಗೊತ್ತಿರುವ ಅಕ್ಷರ: "ಇಷ್ಟು ಬೇಗ ಆಗುವುದಿಲ್ಲ."

"ಇದ್ ನಿನ್ ಅಕ್ಷರ ಅಲ್ದಾ ಅಮ್ಮ?"

ಅಮ್ಮ ನೋಡಿದರು. "ಆಯ್ಕ್" ಅಂದರು. ಪುಸ್ತಕ ಇಸ್ಕೊಂಡು ಧೂಳು ಒರೆಸಿ ಒಳಗಿಟ್ಟರು.

ಹೊಸ ಕಾದಂಬರಿಯನ್ನೂ ಅಮ್ಮ ಅರ್ಧಕ್ಕೆ ಬಿಟ್ಟಿರಲಿಲ್ಲ. ನಾನು ಹೋದಮೇಲೆ ವಾರ ತೆಗೆದುಕೊಂಡು ಪೂರ್ತಿ ಓದಿದ್ದರು, ಕಣ್ಣಿಗೆ ಆಗಾಗ ಡ್ರಾಪ್ಸ್ ಹಾಕಿಕೊಂಡು. ಹೊರಡುವ ದಿನ "ತಕಂಡ್ ಹೋಗ್, ನಂಗ್ ಬ್ಯಾಡ" ಅಂತ ನನ್ನ ಬ್ಯಾಗಿಗೆ ತುರುಕಿದರು. ಬಸ್ಸು ಮಾಬುಕಳ ಸೇತುವೆ ದಾಟುವಾಗ ತೆಗೆದು ನೋಡಿದೆ. ತಂಗಿಯ ಹೆಸರಿಗೆ ಎರಡೂ ಕಡೆ ಗೆರೆ ಎಳೆದಿದ್ದರು. ಮಳೆಯ ಪುಟಗಳಲ್ಲಿ ಏನೂ ಬರೆದಿರಲಿಲ್ಲ. ಕಡೆಯ ಪುಟದಲ್ಲಿ, ಮುದ್ರಕರ ವಿಳಾಸದ ಮೇಲೆ, ಬರೆದವರಿಗೇ ಕೇಳುವ ಹಾಗೆ ಪೆನ್ಸಿಲಿನಲ್ಲಿ ಒಂದು ಸಾಲು ಇತ್ತು:

"ನಿಮ್ಮ ಆರೋಗ್ಯ ಸರಿ ಇದೆಯಾ?"